ಮಾವನ ಬೈಗುಳ ಬರೆದಿಟ್ಟೆವು, ಬೆಲ್ಲ ಉಳಿಯಿತು

ಮಂಡ್ಯ ಪಕ್ಕ ನಮ್ಮದೊಂದು ಆಲೆಮನೆ. ಕೆಲವು ವರ್ಷದ ಹಿಂದೆ ಅದನ್ನು ಪ್ರೈವೇಟ್ ಲಿಮಿಟೆಡ್ ಮಾಡಿಸಿದೆವು. ಬೋರ್ಡು ಬಂತು, ಜಿಎಸ್‌ಟಿ ಬಂತು, ಆಡಿಟರ್ ಬಂದರು. ಬೆಲ್ಲ ಮಾಡುವ ವಿದ್ಯೆ ಮಾತ್ರ ಒಬ್ಬರ ಕಣ್ಣಲ್ಲೇ ಇತ್ತು. ಪಾಕ ನೋಡುತ್ತಿದ್ದ ಆ ಹಿರಿಯರನ್ನು ನಾವೆಲ್ಲ ಮಾವ ಅಂತಲೇ ಕರೆಯೋದು. 2022ರ ದೀಪಾವಳಿ ಆದಮೇಲೆ ಮೊಣಕಾಲು ನೋವು ಅಂತ ಅವರು ಬರೋದು ನಿಲ್ಲಿಸಿದರು. ಕಂಪನಿ ಉಳೀತು, ಬೆಲ್ಲ ಹೋಯ್ತು.

ಎರಡು ತಿಂಗಳಲ್ಲಿ ಹೆಚ್ಚುಕಮ್ಮಿ ಒಂದೂವರೆ ಲಕ್ಷ ಕೈಬಿಟ್ಟಿತು. ಒಂದು ಟನ್ ಕಬ್ಬಿಗೆ ನೂರು ಕೆಜಿ ಆಸುಪಾಸು ಬೆಲ್ಲ ಬರೋದು ನಿಮಗೆ ಗೊತ್ತೇ ಇದೆ. ಬೆಲ್ಲ ಬಂತು, ಆದರೆ ಅರ್ಧ ಅಚ್ಚು ಕಟ್ಟಲಿಲ್ಲ, ಉಳಿದದ್ದು ಕಪ್ಪಾಯಿತು. ಮಂಡಿಯಲ್ಲಿ ಕ್ವಿಂಟಾಲ್‌ಗೆ ಏಳೆಂಟು ನೂರು ಕಡಿಮೆ. ಬೆಂಗಳೂರಿನ ಅಂಗಡಿಯವರೊಬ್ಬರು ಆರ್ಡರ್ ನಿಲ್ಲಿಸಿಯೇಬಿಟ್ಟರು. ಆ ಒಂದೂವರೆ ಲಕ್ಷದಲ್ಲಿ ಅದೇ ಜಾಸ್ತಿ.

ಮೊದಲು ವಿಡಿಯೋ ಮಾಡಿದೆ. ಆಟೋ ಕಳಿಸಿ ಮಾವನನ್ನು ಕರೆಸಿ, ಮೊಬೈಲ್ ಸ್ಟ್ಯಾಂಡಿಗೆ ಹಾಕಿ, ಹನ್ನೊಂದು ಕೊಪ್ಪರಿಗೆ ಚಿತ್ರೀಕರಿಸಿದೆ. ಪರದೆ ತುಂಬಾ ಬರೀ ಹಬೆ. ಆಮೇಲೆ ಇಂಜಿನಿಯರಿಂಗ್ ಓದಿದ ತಮ್ಮನ ಕೈಲಿ ಇಪ್ಪತ್ತೆರಡು ಕಾಲಮ್ಮಿನ ಫಾರಂ ಮಾಡಿಸಿದೆ. ಹುಡುಗರು ಸಂಜೆ ಕೂತು ಎಲ್ಲಕ್ಕೂ ಒಂದೇ ನಂಬರ್ ಬರೆದು ಕೊಡುತ್ತಿದ್ದರು. ಎಂಟು ದಿನಕ್ಕೆ ಅದೂ ಒಲೆಗೆ ಹೋಯಿತು.

ಥರ್ಮಾಮೀಟರ್ ಕಥೆ ಇನ್ನೊಂದು. ಪಾಕ 118 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸಬೇಕು ಅಂತ ಓದಿದ್ದೆ. ಹಾಗೇ ಮಾಡಿದರೆ ಸೀದ ವಾಸನೆ. ಮೂರು ಕೊಪ್ಪರಿಗೆ ಹಾಳಾದ ಮೇಲೆ ಬರೀ ನೀರು ಕುದಿಸಿ ನೋಡಿದೆ. ನಮ್ಮಲ್ಲಿ ನೀರು ಕುದಿಯೋದು 98ರ ಹತ್ತಿರ, 100ಕ್ಕಲ್ಲ. ಮಂಡ್ಯ ಸಮುದ್ರ ಮಟ್ಟದಿಂದ 680 ಮೀಟರ್‌ನಷ್ಟು ಎತ್ತರದಲ್ಲಿದೆ ಅಲ್ವಾ! ಪಾಕಕ್ಕೂ ಆ ಎರಡು ಡಿಗ್ರಿ ಕಳೆದೆ, ಸೀಯೋದು ನಿಂತಿತು. ಇದನ್ನು ಕಂಡುಹಿಡಿದಿದ್ದು ನಾನೇ, ಸ್ವಲ್ಪ ಹೇಳಿಕೊಳ್ತೀನಿ ಬಿಡಿ. ಆದರೆ ಕಡಿದು ಎರಡು ದಿನ ಬಿದ್ದ ಕಬ್ಬಿನ ಮುಂದೆ ಥರ್ಮಾಮೀಟರ್ ಏನೂ ಮಾಡಲ್ಲ.

ದಾರಿ ಸಿಕ್ಕಿದ್ದು ಸುಮ್ನೆ ಒಂದು ಮಧ್ಯಾಹ್ನ. "ಪಾಕ ಬಂದದ್ದು ಹೆಂಗೆ ಗೊತ್ತಾಯ್ತದೆ ಮಾವ?" ಅಂದರೆ ಅವರದು ಒಂದೇ ಉತ್ತರ, "ನೋಡ್ತಾ ನೋಡ್ತಾ ಬತ್ತದೆ ಬಿಡಪ್ಪ." ಅವತ್ತು ಹುಡುಗನೊಬ್ಬ ತಾನೇ ಪಾಕಕ್ಕೆ ನಿಂತಿದ್ದ. ಕುರ್ಚಿಯಲ್ಲಿ ಕೂತಿದ್ದ ಮಾವ ಕೂಗಿದರು: "ಮಡ್ಡಿ ತೆಗಿಯಕ್ ಮುಂಚೆ ಉರಿ ಯಾಕ್ಲಾ ಜೋರು ಮಾಡ್ದೆ? ಇನ್ನದು ಕಬ್ಬಿನ ಹಾಲಲ್ಲೇ ಕಲಸ್ಕತದೆ!" ಸ್ವಲ್ಪ ಹೊತ್ತಿಗೆ ಮತ್ತೆ: "ನೀರಲ್ಲಿ ಉಂಡೆ ಆದ್ರೆ ಸಾಕಾ? ಕೊಪ್ಪರಿಗೆ ಅಂಚಿಗೆ ಹೊಡಿ, ಸದ್ದು ಬರ್ಬೇಕು!"

ಸರಿ ಹೇಗೆ ಅಂತ ಹೇಳೋಕೆ ಮಾವನಿಗೆ ಬರಲ್ಲ. ತಪ್ಪು ಕಂಡರೆ ಬೈಯೋಕೆ ಮಾತ್ರ ಬಹಳ ಚೆನ್ನಾಗಿ ಬರುತ್ತೆ. ಅವತ್ತಿಂದ ಪಾಕಕ್ಕೆ ಹುಡುಗರು, ಕುರ್ಚಿಗೆ ಮಾವ, ಬೈಗುಳ ಬರೆದುಕೊಳ್ಳೋಕೆ ಇನ್ನೊಬ್ಬ ಹುಡುಗ. ಇನ್ನೂರು ಪುಟದ ನೋಟ್‌ಬುಕ್ ಮೂರು ತಿಂಗಳಿಗೆ ತುಂಬಿತು. ದಿನಕ್ಕೆ ಐನೂರು ರೂಪಾಯಿ, ಎರಡು ಹೊತ್ತು ಊಟ, ಆಟೋ. ಒಟ್ಟು ಅರವತ್ತು ಸಾವಿರ ಆಗಿರಬಹುದು. ಪಕ್ಕದ ಆಲೆಮನೆಯವರು "ಬೈಸ್ಕೊಳ್ಳಕ್ಕೆ ಸಂಬಳ ಕೊಡ್ತಾನೆ" ಅಂತ ನಕ್ಕರು. ಅವರಲ್ಲಿಬ್ಬರು ಹೋದ ತಿಂಗಳು ಬಂದು ಆ ನೋಟ್‌ಬುಕ್ ಫೋಟೋ ತೆಗೆದುಕೊಳ್ಳಲಾ ಅಂತ ಕೇಳಿದರು. ಮಡ್ಡಿ ಎತ್ತೋಕೆ ಹಾಕುವ ಬೆಂಡೆ ಲೋಳೆ ಎಷ್ಟು, ಯಾವಾಗ ಅನ್ನೋ ಎರಡು ಪುಟ ಬಿಟ್ಟು ತೋರಿಸಿದೆ. ಇಲ್ಲೂ ಅಷ್ಟೇ, ಬೇಜಾರು ಮಾಡಿಕೊಳ್ಳಬೇಡಿ.

ಹೈಡ್ರೋಸ್ ಅನ್ನೋ ಬಣ್ಣ ಬಿಳಿ ಮಾಡುವ ರಾಸಾಯನಿಕದ ಬಗ್ಗೆ ಒಂದು ಮಾತು. ಆರೋಗ್ಯದ ವಿಷಯ ಎಲ್ಲರಿಗೂ ಗೊತ್ತು, ಅದನ್ನು ಬಿಡಿ. ಬಣ್ಣ ಕೆಟ್ಟಾಗಲೆಲ್ಲ ಒಂದು ಹಿಡಿ ಎರಚಿದರೆ ಬೆಲ್ಲ ಬೆಳ್ಳಗಾಗುತ್ತೆ, ಯಾರ ಕೈಲಿ ಎಲ್ಲಿ ಕೆಟ್ಟಿತು ಅನ್ನೋದೂ ಮುಚ್ಚಿಹೋಗುತ್ತೆ. ನಮ್ಮ ಹುಡುಗರು ಎಷ್ಟೋ ವರ್ಷ ಏನೂ ಕಲಿಯದೆ ಇದ್ದದ್ದು ಅದರಿಂದಲೇ ಅಂತ ನನ್ನ ಅನಿಸಿಕೆ. ನಿಲ್ಲಿಸಿದ ಮೇಲೆ ಒಂದೊಂದು ತಪ್ಪೂ ಅಚ್ಚಿನಲ್ಲಿ ಕಾಣಿಸತೊಡಗಿತು. ತನ್ನ ತಪ್ಪು ತಾನೇ ಬರೆದವನಿಗೆ ಐವತ್ತು ರೂಪಾಯಿ ಇಟ್ಟೆ. ಮೊದಲ ವಾರ ಸುಳ್ಳು ತಪ್ಪುಗಳೂ ಬಂದವು!

ಬರೆದಿಟ್ಟರೆ ಮುಗೀತು ಅಂದುಕೊಂಡಿದ್ದೆ. 2023ರ ಬರದ ಮೇಲೆ ಕಬ್ಬು ಸಿಗದೆ ಮೂರು ತಿಂಗಳು ಗಾಣ ನಿಲ್ಲಿಸಿದೆವು. ಮತ್ತೆ ಶುರುಮಾಡಿದಾಗ ಮೊದಲ ಆರು ಕೊಪ್ಪರಿಗೆ ಹಾಳು. ನೋಟ್‌ಬುಕ್ ಅಲ್ಲೇ ಇತ್ತು, ಹುಡುಗರ ಕೈ ಮರೆತಿತ್ತು. ಈಗ ಕಬ್ಬು ಇಲ್ಲದ ಕಾಲದಲ್ಲೂ ಹದಿನೈದು ದಿನಕ್ಕೊಂದು ಕೊಪ್ಪರಿಗೆ ಬೇಯಿಸಲೇಬೇಕು. ಸಲಕ್ಕೆ ಸಾವಿರ, ಸಾವಿರದೈನೂರು ನಷ್ಟ. ಆಡಿಟರ್ ಕೇಳಿದರೆ ತರಬೇತಿ ಖರ್ಚು ಅಂತೀನಿ. ತಿಂಗಳಿಗೊಮ್ಮೆ ಜಾಗವನ್ನೂ ಬದಲಿಸುತ್ತೇವೆ. ಅಚ್ಚಿಗೆ ಹೊಯ್ಯುವವನು ಪಾಕಕ್ಕೆ, ಪಾಕದವನು ಗಾಣಕ್ಕೆ. ಪಾಕ ನೋಡೋಕೆ ಈಗ ನಾಲ್ಕು ಜನ ಇದ್ದಾರೆ. ಬೆಂಗಳೂರಿನವರೂ ವಾಪಸ್ ಬಂದರು.

ಉರಿ ನೋಡುವ ವಿದ್ಯೆ ಬರೆದಿಡೋದು ಮಾತ್ರ ಇನ್ನೂ ಆಗಿಲ್ಲ. ಒಲೆಗೆ ಹಾಕುವ ಕಬ್ಬಿನ ಸಿಪ್ಪೆ, ಅಂದರೆ ರಚ್ಚು, ಎಷ್ಟು ಒಣಗಿರಬೇಕು, ಎಷ್ಟೊತ್ತಿಗೆ ಎಷ್ಟು ತಳ್ಳಬೇಕು ಅನ್ನೋದು ಬಿಹಾರದ ಒಬ್ಬನಿಗೆ ಮಾತ್ರ ಗೊತ್ತು. ಅವನು ಯಾರನ್ನೂ ಬೈಯಲ್ಲ, ನಗ್ತಾನೆ ಅಷ್ಟೆ. ಛಠ್ ಹಬ್ಬಕ್ಕೆ ಊರಿಗೆ ಹೋಗಬೇಕು, ಇಪ್ಪತ್ತು ದಿನ ರಜೆ ಬೇಕು ಅಂತ ಮೊನ್ನೆ ಕೇಳಿದ.