ಕಡಲ ಹದ್ದನ್ನು ಗುರುತಿಸುವ ಬಗೆ: ಮಲೆನಾಡಿನ ಪಕ್ಷಿವೀಕ್ಷಕರಿಗೆ

ಸಾಗರ, ಶಿವಮೊಗ್ಗದ ಕಡೆಯವರು ಬಿಳಿಹೊಟ್ಟೆಯ ಕಡಲ ಹದ್ದನ್ನು ನೋಡಬೇಕೆಂದರೆ ಶರಾವತಿಯ ಜಾಡು ಹಿಡಿದು ಘಟ್ಟ ಇಳಿಯಬೇಕು. ಹೊನ್ನಾವರದಲ್ಲಿ ನದಿ ಸಮುದ್ರ ಸೇರುವ ಅಳಿವೆಯ ಆಸುಪಾಸಿನಲ್ಲಿ, ಮಳೆಗಾಲ ಕಳೆದ ಮೇಲೆ, ಬೆಳಗಿನ ಹೊತ್ತು ದುರ್ಬೀನು ಹಿಡಿದು ತಾಳ್ಮೆಯಿಂದ ಕಾಯುವುದು ಒಳ್ಳೆಯದು.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಗರುಡನನ್ನೂ ಚಳಿಗಾಲಕ್ಕೆ ವಲಸೆ ಬರುವ ಮೀನುಡೇಗೆಯನ್ನೂ ಕಂಡು ರೂಢಿಯಾದವರು ಬಿಳಿ ಬಣ್ಣ ಕಂಡೊಡನೆ ತೀರ್ಮಾನಕ್ಕೆ ಬರಬಾರದು, ಏಕೆಂದರೆ ಈ ಮೂರರ ಮೈಮೇಲೂ ಬಿಳಿಯಿದೆ. ಮೊದಲು ಹಾರುವ ಭಂಗಿಯನ್ನು ಗಮನಿಸಿ. ಕಡಲ ಹದ್ದು ತೇಲುವಾಗ ಅಗಲವಾದ ರೆಕ್ಕೆಗಳನ್ನು ಭುಜದಿಂದ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಬಾಲ ಗಿಡ್ಡ, ತುದಿ ಬೆಣೆಯಾಕಾರ. ರೆಕ್ಕೆಯ ಹರವು ಸುಮಾರು ಎರಡು ಮೀಟರು. ಗಂಡಿಗಿಂತ ಹೆಣ್ಣು ದೊಡ್ಡದು. ತಲೆ, ಎದೆ, ಹೊಟ್ಟೆ ಅಚ್ಚ ಬಿಳಿ, ಬೆನ್ನು ಬೂದು, ಕೆಳಗಿನಿಂದ ನೋಡಿದರೆ ರೆಕ್ಕೆಯ ಹಿಂಬದಿಯ ಗರಿಗಳು ಕಪ್ಪು. ಮರಿಹಕ್ಕಿಯ ಮೈ ಕಂದು; ಪ್ರಾಯದ ಬಣ್ಣ ಪೂರ್ತಿ ಬರಲು ಹಲವು ವರ್ಷ ಬೇಕಾಗುವುದರಿಂದ, ಅಲ್ಲಿಯವರೆಗೆ ಭಂಗಿಯನ್ನೂ ಬಾಲವನ್ನೂ ನಂಬುವುದೇ ಸರಿ.

ಬೇಟೆಯಲ್ಲಿಯೂ ವ್ಯತ್ಯಾಸ ಸ್ಪಷ್ಟ. ಮೀನುಡೇಗೆ ಕಾಲು ಮುಂದೆ ಚಾಚಿ ನೀರಿಗೆ ಧುಮುಕಿದರೆ, ಕಡಲ ಹದ್ದು ಸಾಮಾನ್ಯವಾಗಿ ನೀರಿನ ಮೇಲ್ಮೈಗೆ ಎರಗಿ, ಮೈ ಮುಳುಗಿಸದೆ ಮೀನನ್ನು ಉಗುರಿನಿಂದ ಎತ್ತಿಕೊಂಡು ಹೋಗುತ್ತದೆ. ಅದರ ಬೆರಳುಗಳ ಅಡಿಯಲ್ಲಿರುವ ಒರಟು ಮುಳ್ಳುಗಳು ಜಾರುವ ಬೇಟೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಕಡಲ ಹಾವೂ ಇದರ ಆಹಾರವೇ. ಬೇರೆ ಹಕ್ಕಿ ಹಿಡಿದ ಮೀನನ್ನು ಬೆನ್ನಟ್ಟಿ ಕಸಿದುಕೊಳ್ಳುವುದೂ ಉಂಟು. ಅಂಥ ಬೆನ್ನಟ್ಟುವಿಕೆಯನ್ನು ಒಮ್ಮೆಯಾದರೂ ನೋಡಬೇಕು, ಅದರ ಬಲ ಎಂಥದ್ದೆಂದು ಆಗ ತಿಳಿಯುತ್ತದೆ.

ಜೋಡಿ ಬಹುಕಾಲ ಒಟ್ಟಿಗೇ ಇದ್ದು, ಎತ್ತರದ ಮರದಲ್ಲಿ ಕಡ್ಡಿಗಳಿಂದ ಕಟ್ಟಿದ ಗೂಡಿಗೇ ವರ್ಷವರ್ಷವೂ ಹೊಸ ಕಡ್ಡಿ ಸೇರಿಸಿ, ಒಳಗೆ ಹಸಿರೆಲೆ ಹಾಸುತ್ತದೆ. ಹೀಗಾಗಿ ಹಳೆಯ ಗೂಡು ಭಾರಿ ಗಾತ್ರಕ್ಕೆ ಬೆಳೆಯುತ್ತದೆ, ಮತ್ತು ಆ ಒಂದು ಮರ ಕಡಿದರೆ ಅನೇಕ ವರ್ಷಗಳ ನೆಲೆಯೇ ಹೋಗುತ್ತದೆ. ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆ, ಕಾವು ಸುಮಾರು ಆರು ವಾರ. ಹೆಚ್ಚಿನ ಸಲ ಬದುಕುಳಿಯುವುದು ಒಂದೇ ಮರಿ. ಆದ್ದರಿಂದ ಗೂಡಿನ ಮರದಡಿಗೆ ಹೋಗಬೇಡಿ, ಡ್ರೋನ್ ಹಾರಿಸಬೇಡಿ. ಬಾತಿನ ದನಿಯನ್ನು ಹೋಲುವ ಜೋರು ಕೂಗು ಪದೇ ಪದೇ ಕೇಳಿಸಿ, ಹಕ್ಕಿ ತಲೆಯ ಮೇಲೆ ಸುತ್ತತೊಡಗಿದರೆ ತಕ್ಷಣ ಹಿಂದೆ ಸರಿಯಿರಿ; ಗೂಡಿನ ಜಾಗವನ್ನು ಫೋಟೋದೊಂದಿಗೆ ಎಲ್ಲಿಯೂ ಪ್ರಕಟಿಸಬೇಡಿ.