ಗಾಡಿ ತಳ್ಳುವ ಮುನ್ನ ಎರಡು ಕಾಗದ

ತಟ್ಟೆ ಇಡ್ಲಿ ಗಾಡಿ ಇಡಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಒಲೆಯ ಬೆಲೆ, ಆಮೇಲೆ ಗಾಡಿಯ ಬೆಲೆ. ಕಾಗದಪತ್ರದ ನೆನಪಾಗುವುದು ಯಾರಾದರೂ ಬಂದು ‘ಲೈಸೆನ್ಸ್ ಎಲ್ಲಿ?’ ಎಂದು ಕೇಳಿದ ದಿನ. ಆ ಹೊತ್ತಿಗೆ ಇಡ್ಲಿ ಬೆಂದಿರುತ್ತದೆ, ಗಿರಾಕಿಗಳು ತಟ್ಟೆ ಹಿಡಿದು ನಿಂತಿರುತ್ತಾರೆ. ಕೇಳುತ್ತಿರುವವರು ನಗರಸಭೆಯವರೋ ಆಹಾರ ಇಲಾಖೆಯವರೋ ಪೊಲೀಸರೋ ಎಂಬುದೂ ಆ ಗಡಿಬಿಡಿಯಲ್ಲಿ ತಿಳಿಯುವುದಿಲ್ಲ. ತಿಳಿಯಬೇಕು. ಒಬ್ಬೊಬ್ಬರು ಕೇಳುವ ಕಾಗದ ಬೇರೆ ಬೇರೆ.

‘ನನ್ನ ಹತ್ತಿರ ಎಫ್‌ಎಸ್‌ಎಸ್‌ಎಐ ನಂಬರ್ ಇದೆ, ಇಲ್ಲಿಂದ ಯಾರೂ ಎಬ್ಬಿಸುವಂತಿಲ್ಲ’ ಎಂದು ವಾದಿಸುವವರನ್ನು ಕಂಡಿದ್ದೇನೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಆ ನಂಬರಿಗೂ ನಿಂತ ನೆಲಕ್ಕೂ ಸಂಬಂಧವಿಲ್ಲ. ಒಂದು ತಿನಿಸಿನ ಕಾಗದ, ಇನ್ನೊಂದು ಜಾಗದ ಕಾಗದ. ಜಾಗದ್ದನ್ನು ಮೊದಲು ಹಿಡಿಯುವುದು ಜಾಣತನ, ಏಕೆಂದರೆ ತಿನಿಸಿನ ಅರ್ಜಿಯಲ್ಲೂ ‘ಎಲ್ಲಿ ಮಾರುತ್ತೀರಿ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಜಾಗದ ಕಾಗದ

ಪಟ್ಟಣ, ನಗರಗಳಲ್ಲಿ ಇದಕ್ಕೆ ಆಧಾರ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಪುರಸಭೆ, ನಗರಸಭೆ ಅಥವಾ ಪಾಲಿಕೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಎಂಬುದೊಂದು ಇರಬೇಕು. ಅದರ ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ, ಹೆಸರು ಸೇರಿದವರಿಗೆ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಕೊಡುವುದು ಪದ್ಧತಿ. ನಿಮ್ಮ ಊರಿನ ಕಚೇರಿಗೆ ಹೋಗಿ ಸಮೀಕ್ಷೆ ಯಾವಾಗ ಆಯಿತು, ಹೊಸ ಅರ್ಜಿ ಯಾರು ತೆಗೆದುಕೊಳ್ಳುತ್ತಾರೆ, ವ್ಯಾಪಾರ ನಿಷೇಧಿತ ವಲಯಗಳು ಯಾವುವು ಎಂಬ ಮೂರನ್ನೂ ಒಂದೇ ಸಲಕ್ಕೆ ಕೇಳಿಕೊಂಡು ಬನ್ನಿ. ಬೆಂಗಳೂರಿನವರು 2025ರ ಸೆಪ್ಟೆಂಬರ್‌ನಿಂದ ತಾವು ಐದು ಪಾಲಿಕೆಗಳಲ್ಲಿ ಯಾವುದಕ್ಕೆ ಸೇರಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕು. ಹಳೆಯ ಕಚೇರಿಯ ಮೆಟ್ಟಿಲು ಹತ್ತಿ ಇಳಿದದ್ದೇ ಲಾಭವಾಗಬಾರದು.

ಅರ್ಜಿಯಲ್ಲಿ ಒಂದೇ ಕಡೆ ನಿಲ್ಲುವವರೋ, ಸುತ್ತಾಡಿ ಮಾರುವವರೋ ಎಂಬುದನ್ನು ಹೇಳಬೇಕು. ಸುತ್ತಾಡುವವರು ಎಂದು ಬರೆಸಿ ಬಸ್ ನಿಲ್ದಾಣದ ಎದುರು ಕಾಯಂ ಠಿಕಾಣಿ ಹೂಡಿದರೆ ತಕರಾರು ಖಚಿತ. ಜೊತೆಗೆ ಮುಚ್ಚಳಿಕೆ ಬರೆದುಕೊಡಬೇಕು: ವ್ಯಾಪಾರ ನಾನೇ ಅಥವಾ ನನ್ನ ಮನೆಯವರೇ ಮಾಡುತ್ತೇವೆ, ಬೇರೆ ಜೀವನೋಪಾಯವಿಲ್ಲ, ಈ ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದಿಲ್ಲ ಎಂದು. ಕಂಪನಿ ಕೆಲಸದಲ್ಲಿದ್ದುಕೊಂಡು ನಾಲ್ಕು ಗಾಡಿ ಇಟ್ಟು ಹುಡುಗರನ್ನು ನಿಲ್ಲಿಸುವ ಯೋಚನೆಯವರಿಗೆ ಈ ದಾರಿ ಮುಚ್ಚಿದೆ. ಮುಚ್ಚಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅಂಥವರು ಖಾಸಗಿ ಜಾಗ ಹಿಡಿದು ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ ಕೇಳಲಿ.

ಸಮಿತಿಯ ಪ್ರಮಾಣಪತ್ರದ ನಿಜವಾದ ಬೆಲೆ ತಿಳಿಯುವುದು ಎತ್ತಂಗಡಿಯ ದಿನ. ಬೇರೆ ಕಡೆಗೆ ಸ್ಥಳಾಂತರಿಸಲು 30 ದಿನಗಳ ನೋಟಿಸ್ ಬೇಕು. ಸಾಮಾನು ಹೊತ್ತುಕೊಂಡು ಹೋದರೆ ಅಧಿಕಾರಿಯ ಸಹಿಯಿರುವ ಪಟ್ಟಿ ಕೊಡಬೇಕು. ನೀವು ಹೋಗಿ ಕೇಳಿದರೆ, ಕೆಡುವ ಪದಾರ್ಥವನ್ನು ಅದೇ ದಿನ, ಕೆಡದ ಸಾಮಾನನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಲಾರಿ ಹೊರಡುವ ಮೊದಲೇ ಆ ಪಟ್ಟಿಯನ್ನು ಕೇಳಿ ಪಡೆಯಿರಿ. ಆಮೇಲೆ ಪಾತ್ರೆ ಎಷ್ಟಿತ್ತು ಎಂಬ ಲೆಕ್ಕಕ್ಕೆ ಸಾಕ್ಷಿ ಸಿಗುವುದಿಲ್ಲ.

ಜಾತ್ರೆಯ ಅಂಗಡಿಗಳ ಕಥೆ ಬೇರೆ. ಶಿರಸಿಯ ಮಾರಿಕಾಂಬಾ ಜಾತ್ರೆಯಿರಲಿ, ಬಸವನಗುಡಿಯ ಕಡಲೆಕಾಯಿ ಪರಿಷೆಯಿರಲಿ, ಹಳ್ಳಿಯ ತೇರಿರಲಿ, ಮೊದಲ ಪ್ರಶ್ನೆ ಒಂದೇ: ನೆಲ ಯಾರದು? ದೇವಸ್ಥಾನದ್ದಾದರೆ ಆಡಳಿತ ಮಂಡಳಿ, ಪಂಚಾಯಿತಿಯದ್ದಾದರೆ ಪಂಚಾಯಿತಿ, ಪೇಟೆಯ ರಸ್ತೆಯಾದರೆ ನಗರಾಡಳಿತ. ಹರಾಜಿನಲ್ಲಿ ಜಾಗ ಹಿಡಿದವರು ಅದನ್ನು ತುಂಡು ಮಾಡಿ ಮರುಬಾಡಿಗೆಗೆ ಕೊಡುವುದುಂಟು. ಅಂಥವರ ಕೈಗೆ ಹಣ ಕೊಡುವ ಮೊದಲು ಹರಾಜಿನ ರಸೀದಿ ತೋರಿಸಿರೆನ್ನಿ. ನಿಮ್ಮ ರಸೀದಿಯಲ್ಲಿ ಎಷ್ಟು ಅಡಿ ಜಾಗ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂಬುದು ಇರಲಿ.

ತಿನಿಸಿನ ಕಾಗದ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 31ನೇ ಕಲಂ ಕೈಗಾಡಿಯವರಿಗೆ, ತಿರುಗಾಡಿ ಮಾರುವವರಿಗೆ, ತಾತ್ಕಾಲಿಕ ಮಳಿಗೆಯವರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಕೊಟ್ಟಿದೆ. ಬೇಕಾಗಿರುವುದು ನೋಂದಣಿ. ಎರಡರ ವ್ಯತ್ಯಾಸ ಗೊತ್ತಿಲ್ಲದವರಿಂದಲೇ ಮಧ್ಯವರ್ತಿಗಳ ಹೊಟ್ಟೆ ತುಂಬುವುದು. ಗುರುತು ಸುಲಭ: 14 ಅಂಕಿಗಳ ಸಂಖ್ಯೆ 2ರಿಂದ ಶುರುವಾದರೆ ನೋಂದಣಿ, 1ರಿಂದ ಶುರುವಾದರೆ ಲೈಸೆನ್ಸ್.

ಇದೇ ಕಾಯ್ದೆಯಡಿಯ 2011ರ ನಿಯಮಾವಳಿ ಸಣ್ಣ ವ್ಯಾಪಾರಕ್ಕೆ ಮೊದಲು ಹಾಕಿದ್ದ ಗೆರೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು. ಇದು ಲಾಭದ ಲೆಕ್ಕವಲ್ಲ, ಗಲ್ಲಾಪೆಟ್ಟಿಗೆಗೆ ಬಿದ್ದ ಒಟ್ಟು ಹಣ. ವರ್ಷಕ್ಕೆ 300 ದಿನ ಗಾಡಿ ಹಾಕಿದರೆ ದಿನಕ್ಕೆ 4,000 ರೂಪಾಯಿ. ಚೆನ್ನಾಗಿ ನಡೆಯುವ ದೋಸೆ ಗಾಡಿ ಇದನ್ನು ಬೆಳಗಿನ ಹೊತ್ತಿನಲ್ಲೇ ದಾಟೀತು. ಗಿರಾಕಿಗಳು ಮೊಬೈಲ್‌ನಲ್ಲಿ ಹಣ ಹಾಕುವ ಈ ಕಾಲದಲ್ಲಿ ಲೆಕ್ಕ ಬಚ್ಚಿಡುವುದೂ ಆಗದ ಮಾತು. ಮಿತಿ, ಶುಲ್ಕಗಳು ಆಗಾಗ ತಿದ್ದುಪಡಿಯಾಗುವುದರಿಂದ ಅರ್ಜಿ ಹಾಕುವ ದಿನ ಎಫ್‌ಎಸ್‌ಎಸ್‌ಎಐ ಪೋರ್ಟಲ್‌ನಲ್ಲಿರುವ ಅಂಕಿಯನ್ನೇ ನಂಬಿ. ಗೆರೆ ದಾಟಿದವರಿಗೆ ಮಾತ್ರ ರಾಜ್ಯ ಲೈಸೆನ್ಸ್.

ಅರ್ಜಿ ಹಾಕುವುದು ಫಾಸ್‌ಕಾಸ್ ಎಂಬ ಅದೇ ಪೋರ್ಟಲ್‌ನಲ್ಲಿ. ಮೊಬೈಲ್ ಸಂಖ್ಯೆ ಕೊಟ್ಟು ಖಾತೆ ತೆರೆದು, ರಾಜ್ಯ ಆರಿಸಿ, ವ್ಯಾಪಾರದ ಬಗೆ ಗುರುತಿಸಬೇಕು. ಇಲ್ಲಿ ಎಡವುವವರೇ ಹೆಚ್ಚು. ಗಾಡಿಯವರು ತಿರುಗಾಡಿ ಮಾರುವವರ ಕಲಮನ್ನೂ, ಜಾತ್ರೆಯವರು ಮಳಿಗೆಯವರ ಕಲಮನ್ನೂ ಆರಿಸಬೇಕು. ಹೋಟೆಲ್ ಎಂದೋ ಕೇಟರಿಂಗ್ ಎಂದೋ ಒತ್ತಿದರೆ ಇಲ್ಲದ ದಾಖಲೆಗಳ ಪಟ್ಟಿ ಎದುರಿಗೆ ಬಂದು ನಿಲ್ಲುತ್ತದೆ. ಭಾವಚಿತ್ರ, ಗುರುತಿನ ಚೀಟಿ, ವಿಳಾಸದ ದಾಖಲೆ ಕೈಯಲ್ಲಿರಲಿ. ಹಿಟ್ಟು ರುಬ್ಬುವುದು, ಪಲ್ಯ ಮಾಡುವುದು ಮನೆಯಲ್ಲಾದರೆ ಆ ವಿಳಾಸವನ್ನು ಮುಚ್ಚಿಡಬೇಡಿ. 2011ರ ನಿಯಮದಲ್ಲಿ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. ನಮ್ಮ ಬೀದಿಯ ಬೋಂಡಾ ಗಾಡಿಯವರೊಬ್ಬರು ಇದಕ್ಕೆ ಮಧ್ಯವರ್ತಿಗೆ 3,000 ತೆತ್ತಿದ್ದರು! ನಗರಸಭೆಯ ಗುರುತಿನ ಚೀಟಿ ಇರುವವರು ಹಣ ಕಟ್ಟುವ ಮೊದಲು ತಮಗೆ ರಿಯಾಯಿತಿ ಉಂಟೇ ಎಂದೂ ನೋಡಿಕೊಳ್ಳಿ.

ಅರ್ಜಿ ತಲುಪಿದ 7 ದಿನಗಳಲ್ಲಿ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ಬರುತ್ತೇವೆಂದು ನೋಟಿಸ್ ಕೊಡಬೇಕು. ಧಾರ್ಮಿಕ, ಸಾಮಾಜಿಕ ಸಮಾರಂಭಗಳಲ್ಲಿ ಆಹಾರ ಹಂಚುವವರನ್ನೂ ಇದೇ ನಿಯಮಾವಳಿ ಸಣ್ಣ ಆಹಾರ ವ್ಯಾಪಾರಿಗಳ ಪಟ್ಟಿಗೆ ಸೇರಿಸಿದೆ. ಅನ್ನಸಂತರ್ಪಣೆ ಮಾಡುವ ಯುವಕ ಸಂಘದವರಿಗೆ ಇದನ್ನು ಹೇಳಿದರೆ ನಗುತ್ತಾರೆ.

ತಪಾಸಣೆಗೆ ಬಂದವರು ನೋಡುವುದೇನು

ನೀರು, ಕಸದ ಡಬ್ಬಿ, ಉಗುರು, ತಲೆಗವಸು, ಮುಚ್ಚಳ: ಇವು ಎಲ್ಲರಿಗೂ ಗೊತ್ತು. ಸಿಕ್ಕಿಬೀಳುವುದು ಬೇರೆ ಕಡೆ. 2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಪರೀಕ್ಷಿಸಿದ ಗೋಬಿ ಮಂಚೂರಿಯ 171 ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು; ಸರ್ಕಾರ ಆ ಬಣ್ಣಗಳನ್ನು ನಿಷೇಧಿಸಿತು. ಮರುವರ್ಷ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದಕ್ಕೂ ನಿಷೇಧ ಬಂತು. ಬೋಂಡಾವನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಕೊಡಬಾರದು ಎಂಬುದನ್ನು ಪತ್ರಿಕೆಯವನಾದ ನಾನೇ ಹೇಳಬೇಕಾಗಿದೆ. ಮುದ್ರಣದ ಮಸಿ ಎಣ್ಣೆಗೆ ಬಿಡುತ್ತದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಆ ಎಣ್ಣೆ ಬಳಕೆಗೆ ಯೋಗ್ಯವಲ್ಲ. ಗಾಡಿಯಲ್ಲಿ ಅದನ್ನು ಅಳೆಯುವ ಉಪಕರಣ ಇರದು. ಎಣ್ಣೆ ಕಪ್ಪಾಗಿ, ನೊರೆ ಕಟ್ಟಿ, ಜಿಗುಟಾದರೆ ಚೆಲ್ಲುವ ಕಾಲ ಬಂತೆಂದೇ ತಿಳಿಯಿರಿ. ಗಾಡಿಯ ಕೆಳಗಿನ ಸಿಲಿಂಡರ್ ಮನೆಬಳಕೆಯ 14.2 ಕಿಲೋದ್ದಾಗಿರಬಾರದು, ವಾಣಿಜ್ಯ ಬಳಕೆಯ 19 ಕಿಲೋದ್ದು ಬೇಕು.

ವ್ಯಾನಿನಲ್ಲೇ ಅಡುಗೆಮನೆ ಕಟ್ಟಿಕೊಳ್ಳುವ ಫುಡ್ ಟ್ರಕ್‌ನವರಿಗೆ ಇದರ ಮೇಲೆ ಆರ್‌ಟಿಒ ಕೆಲಸವೂ ಇದೆ. ವಾಹನದ ರಚನೆ ಬದಲಿಸುವ ಮುನ್ನವೇ ಅಲ್ಲಿ ಒಪ್ಪಿಗೆ ಪಡೆಯಬೇಕು. ವೆಲ್ಡಿಂಗ್ ಮುಗಿಸಿ ಹೋದವರು ಕತ್ತರಿಸಿ ಹಿಂದೆ ಬರಬೇಕಾದೀತು.

ನೋಂದಣಿ ಪತ್ರ ಮತ್ತು ಭಾವಚಿತ್ರವಿರುವ ಚೀಟಿ ವ್ಯಾಪಾರದ ಹೊತ್ತಿನಲ್ಲೆಲ್ಲ ಗಾಡಿಯ ಮೇಲೆ ಎದ್ದು ಕಾಣುವಂತೆ ಇರಬೇಕೆಂಬುದು ನಿಯಮ. ಮೂಲಪ್ರತಿಯನ್ನು ಮನೆಯಲ್ಲಿಟ್ಟು, ಅಚ್ಚು ತೆಗೆಸಿದ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ, ಗಿರಾಕಿಯ ಕಣ್ಣಿಗೆ ಬೀಳುವ ಆದರೆ ಇಡ್ಲಿ ಪಾತ್ರೆಯ ಹಬೆ ತಾಗದ ಕಡೆ ತೂಗುಹಾಕಿ.