ಪಾತ್ರ ಸಾಯುವ ಮೊದಲೇ ನಿಯಮ ಬರೆದಿಡಿ

ತಿಂಗಳುಗಟ್ಟಲೆ ಆಡಿ, ಹೆಸರಿಟ್ಟು, ಹಿನ್ನೆಲೆ ಕಥೆ ಕಟ್ಟಿ ಬೆಳೆಸಿದ ಪಾತ್ರವನ್ನು ಇನ್ನೊಬ್ಬ ಆಟಗಾರ ಒಂದೇ ನಿಮಿಷದಲ್ಲಿ ಕೊಂದುಬಿಡಬಹುದು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಆಡುವ ಆನ್‌ಲೈನ್ ರೋಲ್‌ಪ್ಲೇ ಗುಂಪುಗಳು ಇಂಥ ಒಂದು ಸಾವಿನಿಂದಲೇ ಒಡೆದುಹೋಗುವುದುಂಟು. ಪಾತ್ರ ಸತ್ತರೆ ಬೇಸರವಾಗುವುದು ಸಹಜ. ಸೋತರೆ ಏನೇನು ಹೋಗುತ್ತದೆ ಎಂದು ಮೊದಲೇ ಯಾರೂ ಹೇಳಿರದಿದ್ದಾಗ ಆ ಬೇಸರ ದ್ವೇಷಕ್ಕೆ ತಿರುಗುತ್ತದೆ. ಡಿಸ್ಕಾರ್ಡ್ ಚಾಟ್ ಆ್ಯಪ್‌ನಲ್ಲಿ ಹತ್ತು ಜನ ಸೇರಿ ಬರೆದಾಡುವ ಕಥೆ ಇರಲಿ, ಜಿಟಿಎ ವಿಡಿಯೊ ಗೇಮ್‌ನ ರೋಲ್‌ಪ್ಲೇ ಸರ್ವರ್ ಇರಲಿ, ಸ್ವಂತ ಗುಂಪು ಕಟ್ಟುವವರು ಮೊದಲ ಹೊಡೆದಾಟಕ್ಕೆ ಮುನ್ನವೇ ಸಾವಿನ ನಿಯಮ ಬರೆದಿಡಬೇಕು. ದೊಡ್ಡ ಆಟಗಳು ಕಾಲು ಶತಮಾನದಿಂದ ಈ ಪ್ರಶ್ನೆಯೊಂದಿಗೆ ಗುದ್ದಾಡುತ್ತ ಬಂದಿವೆ. ಅವುಗಳಿಂದ ಕಲಿಯುವುದು ಬಹಳವಿದೆ.

1. ಯಾವ ಬಗೆಯ ಸಾವು?

ಎಲ್ಲ ಆಟಗಳಲ್ಲೂ ಸಾವು ಒಂದೇ ತರಹ ಇರುವುದಿಲ್ಲ. ಬಾಹ್ಯಾಕಾಶದಲ್ಲಿ ನಡೆಯುವ ಈವ್ ಆನ್‌ಲೈನ್ ಆಟದಲ್ಲಿ ಹಡಗು ಒಡೆದರೆ ಹಡಗು ಹೋಯಿತು, ಆದರೆ ಪೈಲಟ್ ಸತ್ತರೂ ಇನ್ನೊಂದು ಕ್ಲೋನ್‌ನಲ್ಲಿ ಕಣ್ಣು ಬಿಡುತ್ತಾನೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಬೀಳಬಹುದಾದ ವೈಲ್ಡರ್ನೆಸ್ ಎಂಬ ಪ್ರದೇಶದಲ್ಲಿ ಸತ್ತವನ ಬಳಿ ಸಾಮಾನ್ಯವಾಗಿ ಅತಿ ಬೆಲೆಬಾಳುವ 3 ವಸ್ತುಗಳು ಉಳಿಯುತ್ತವೆ. ತಾನೇ ಮೊದಲು ಕೈ ಎತ್ತಿದವನ ತಲೆಯ ಮೇಲೆ ತಲೆಬುರುಡೆಯ ಗುರುತು ಮೂಡುತ್ತದೆ, ಆ ಗುರುತು ಇರುವಾಗ ಸತ್ತರೆ ಆ ಮೂರೂ ಉಳಿಯುವುದಿಲ್ಲ. ಆಕ್ರಮಣ ಮಾಡಿದವನೇ ಹೆಚ್ಚು ಅಪಾಯ ಹೊರಬೇಕು ಎಂಬ ಈ ಏರ್ಪಾಡು ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. 2023ರ ಆಗಸ್ಟ್‌ನಲ್ಲಿ ಶುರುವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನ ಹಾರ್ಡ್‌ಕೋರ್ ಸರ್ವರ್‌ಗಳಲ್ಲಂತೂ ಸತ್ತ ಪಾತ್ರ ಅಲ್ಲಿ ಮತ್ತೆ ಏಳುವುದೇ ಇಲ್ಲ.

ರೋಲ್‌ಪ್ಲೇ ಸರ್ವರ್‌ಗಳ ಆಡುಮಾತಿನಲ್ಲಿ ಎರಡು ಬಗೆಯ ಸಾವಿಗೆ ಎರಡು ಹೆಸರಿವೆ. ಪಿಕೆ (ಪ್ಲೇಯರ್ ಕಿಲ್) ಆದರೆ ಪಾತ್ರ ಆಸ್ಪತ್ರೆಯಲ್ಲಿ ಎದ್ದು ಕೂರುತ್ತದೆ, ಆದರೆ ತನ್ನನ್ನು ಕೊಂದ ಘಟನೆಯನ್ನು ಮರೆತಿರಬೇಕು. ಸಿಕೆ (ಕ್ಯಾರೆಕ್ಟರ್ ಕಿಲ್) ಆದರೆ ಆ ಪಾತ್ರದ ಕಥೆ ಮುಗಿಯಿತು, ಅದೇ ಹೆಸರಲ್ಲಿ ಮತ್ತೆ ಬರುವಂತಿಲ್ಲ. ಯಾವುದು ಮಾಮೂಲಿ, ಯಾವುದು ಅಪರೂಪ ಎಂದು ನಿಯಮದ ಮೊದಲ ಸಾಲಿನಲ್ಲೇ ಹೇಳಿ. ಹೊಸ ಗುಂಪಾದರೆ ಪಿಕೆ ಮಾಮೂಲಿಯಾಗಿರಲಿ. ಸಿಕೆಗೆ ಪ್ರತ್ಯೇಕ ಬಾಗಿಲಿಡಿ.

2. ಎಲ್ಲಿ, ಯಾರು ಯಾರನ್ನು?

1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಊರಿನ ಗಡಿ ದಾಟಿದರೆ ಯಾರು ಯಾರನ್ನಾದರೂ ಕೊಲ್ಲಬಹುದಿತ್ತು. ಗಣಿಗೆ ಹೋದ ಹೊಸಬರನ್ನು ಕಾದು ಕುಳಿತು ಕೊಲ್ಲುವವರು ಹುಟ್ಟಿಕೊಂಡರು. ಐದು ಕೊಲೆ ಲೆಕ್ಕಕ್ಕೆ ಬಂದವನ ಹೆಸರು ಕೆಂಪಾಗುವ, ಊರೊಳಗೆ ಕಾಲಿಟ್ಟರೆ ಕಾವಲುಗಾರರು ಅವನನ್ನು ಕೊಂದುಹಾಕುವ ವ್ಯವಸ್ಥೆಯೂ ಬಂತು. ಹೊಸಬರ ಗೋಳು ತಪ್ಪಲಿಲ್ಲ. ಕೊನೆಗೆ 2000ದಲ್ಲಿ ಕಂಪನಿ ಇಡೀ ಲೋಕವನ್ನೇ ಎರಡು ಮಾಡಿತು. ಹಳೆಯ ನಿಯಮ ಫೆಲುಕಾದಲ್ಲಿ ಉಳಿಯಿತು. ಟ್ರ್ಯಾಮೆಲ್‌ನಲ್ಲಿ ಒಪ್ಪಿಗೆಯಿಲ್ಲದೆ ಕೊಲ್ಲುವಂತಿರಲಿಲ್ಲ.

ಶಿಕ್ಷೆಯೊಂದರಿಂದಲೇ ಕೊಲೆ ನಿಲ್ಲುವುದಿಲ್ಲ ಎಂಬುದಕ್ಕೆ ಈವ್ ಕೂಡ ಸಾಕ್ಷಿ. ಅಲ್ಲಿನ ಪ್ರತಿ ನಕ್ಷತ್ರ ವ್ಯೂಹಕ್ಕೂ ಭದ್ರತೆಯ ಅಂಕ ಇದೆ. 0.5 ಮತ್ತು ಅದಕ್ಕಿಂತ ಹೆಚ್ಚು ಅಂಕವಿರುವಲ್ಲಿ ಅಕ್ರಮವಾಗಿ ದಾಳಿ ಮಾಡಿದವನ ಹಡಗನ್ನು ಕಾಂಕಾರ್ಡ್ ಪಡೆ ಬಂದು ಧ್ವಂಸ ಮಾಡುತ್ತದೆ. ಆದರೆ ಅದು ಬರುವಷ್ಟರಲ್ಲಿ ನಿಮ್ಮ ಹಡಗು ಚೂರಾಗಿರಬಹುದು. ಸರಕಿನ ಆಸೆಗೆ ತಮ್ಮ ಅಗ್ಗದ ಹಡಗುಗಳನ್ನು ಬಲಿಕೊಡುವವರು ಅಲ್ಲಿದ್ದಾರೆ.

ಆದ್ದರಿಂದ ನಿಮ್ಮ ಕಥೆಯ ಲೋಕದಲ್ಲಿ ಕೊಲ್ಲಲೇಬಾರದ ಜಾಗಗಳನ್ನು ಹೆಸರಿಸಿ: ಹೊಸಬರು ಬಂದಿಳಿಯುವ ಊರು, ಆಸ್ಪತ್ರೆ, ಸಂತೆ. ಹೊಡೆದಾಡುವವರ ನಡುವಿನ ಲೆವೆಲ್ ಅಂತರಕ್ಕೂ ಮಿತಿ ಬೇಕು. ರೂನ್‌ಸ್ಕೇಪ್‌ನ ಉಪಾಯ ಚೆನ್ನಾಗಿದೆ. ವೈಲ್ಡರ್ನೆಸ್‌ನ 5ನೇ ಹಂತದಲ್ಲಿ ನಿಮಗಿಂತ 5 ಕಾಂಬ್ಯಾಟ್ (ಹೋರಾಟದ) ಲೆವೆಲ್ ಹೆಚ್ಚು ಕಡಿಮೆ ಇರುವವರಷ್ಟೇ ನಿಮ್ಮ ಮೇಲೆ ಬೀಳಬಹುದು. ಒಳಗೆ ಹೋದಂತೆ ಅಂತರ ಹಿಗ್ಗುತ್ತದೆ. ಕುರುಕ್ಷೇತ್ರದಲ್ಲಿ ರಥಿಕನು ರಥಿಕನೊಡನೆ, ಪದಾತಿಯು ಪದಾತಿಯೊಡನೆ ಎಂದು ಯುದ್ಧಕ್ಕೆ ಮೊದಲೇ ಮಾತಾಗಿತ್ತಲ್ಲ, ಇದೂ ಹಾಗೆಯೇ.

3. ಒಪ್ಪಿಗೆ ಕೇಳುವ ಬಗೆ

ಇಡೀ ನಿಯಮಾವಳಿಯಲ್ಲಿ ನೀವು ಅತಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು. ‘ಸರ್ವರ್‌ಗೆ ಸೇರಿದ್ದೇ ಒಪ್ಪಿಗೆ’ ಎನ್ನುವ ಗುಂಪುಗಳಿವೆ. ಸಣ್ಣಪುಟ್ಟ ಸೋಲಿಗೆ ಅದು ಸಾಕು. ಶಾಶ್ವತ ಸಾವಿಗೆ ಸಾಲದು. ಹಾರ್ಡ್‌ಕೋರ್ ವಾರ್‌ಕ್ರಾಫ್ಟ್‌ನಲ್ಲೂ ಸಾಯುವವರೆಗಿನ ದ್ವಂದ್ವ ಇದೆ, ಅದರ ಹೆಸರು ಮಕ್‌ಗೋರಾ. ಒಬ್ಬ ಕರೆದರೆ ಸಾಲದು, ಇನ್ನೊಬ್ಬ ಒಪ್ಪಿದ ಮೇಲೆಯೇ ಅದು ಶುರು.

ಬರೆದಾಡುವ ಗುಂಪಿನಲ್ಲಿ ಒಪ್ಪಿಗೆಯನ್ನು ಪಾತ್ರದ ಬಾಯಿಂದ ಕೇಳಬೇಡಿ, ಆಟಗಾರರ ಬಳಿ ಖಾಸಗಿಯಾಗಿ ಕೇಳಿ. ಸಂದೇಶ ಹೀಗಿರಬಹುದು: “ನಮಸ್ಕಾರ. ಶನಿವಾರದ ಕೋಟೆ ದೃಶ್ಯದಲ್ಲಿ ನನ್ನ ಪಾತ್ರ ನಿಮ್ಮ ಸೇನಾಪತಿಯನ್ನು ಕೊಲ್ಲಲು ನೋಡುತ್ತದೆ. ಸೋತರೆ ಸಿಕೆ, ನನ್ನದಕ್ಕೂ ಅದೇ ನಿಯಮ. ನಿಮಗೆ ಒಪ್ಪಿಗೆಯೇ? ಬೇಡವೆಂದರೆ ಸೆರೆ ಅಥವಾ ಗಾಯಕ್ಕೆ ನಿಲ್ಲಿಸೋಣ.” ಇದರಲ್ಲಿ ಯಾವಾಗ, ಏನು ಪಣ, ಬೇರೆ ದಾರಿ ಏನು ಎಂಬ ಮೂರೂ ಇವೆ. ‘ಬೇಡ’ ಎಂದವರಿಂದ ಕಾರಣ ಕೇಳಬಾರದು ಎಂದೂ ನಿಯಮದಲ್ಲೇ ಬರೆಯಿರಿ. ಒಪ್ಪಿಗೆ ಕೊಟ್ಟವರು ಮೊದಲ ದಾಳ ಉರುಳುವವರೆಗೆ ಹಿಂದೆ ಸರಿಯಬಹುದು, ಉರುಳಿದ ಮೇಲೆ ಇಲ್ಲ.

ಇದಕ್ಕೊಂದು ವಿನಾಯಿತಿ ಬೇಕಾಗುತ್ತದೆ. ಊರೆಲ್ಲ ಕೊಳ್ಳೆ ಹೊಡೆದು, ತನ್ನ ಸರದಿ ಬಂದಾಗ ಮಾತ್ರ ‘ನನಗೆ ಒಪ್ಪಿಗೆಯಿಲ್ಲ’ ಎನ್ನುವವನನ್ನು ಹಾಗೇ ಬಿಟ್ಟರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಇತರರ ಪಾತ್ರದ ಮೇಲೆ ಸಿಕೆ ಕೋರಿದವನು ತನ್ನ ಪಾತ್ರವನ್ನೂ ಪಣಕ್ಕಿಟ್ಟಂತೆ ಎಂದು ಬರೆದರೆ ಅರ್ಧ ಸಮಸ್ಯೆ ತೀರುತ್ತದೆ. ಉಳಿದರ್ಧಕ್ಕೆ, ಅಂಥವನಿಗೆ ಮುಂಚಿತವಾಗಿ ಲಿಖಿತ ಎಚ್ಚರಿಕೆ ಕೊಟ್ಟು, ಇಬ್ಬರು ಅಡ್ಮಿನ್‌ಗಳು ಸೇರಿ ಸಿಕೆಗೆ ಅನುಮತಿ ಕೊಡುವ ಕ್ರಮ ಇಟ್ಟುಕೊಳ್ಳಿ.

4. ಹೊಡೆದಾಟದ ಲೆಕ್ಕ

ದಾಳವೋ, ಪಾತ್ರಗಳ ಬಲದ ಅಂಕವೋ, ಪರಸ್ಪರ ಮಾತುಕತೆಯೋ, ಒಂದನ್ನು ಆರಿಸಿಕೊಳ್ಳಿ. ಬರಹದ ಆಟದಲ್ಲಿ ಎದುರಾಳಿಗೆ ಆದ ಗಾಯವನ್ನು ನೀವು ಬರೆಯುವಂತಿಲ್ಲ. “ಅವನ ತಲೆ ಕಡಿದೆ” ಎಂದರೆ ತಪ್ಪು, “ಅವನ ಕುತ್ತಿಗೆಗೆ ಗುರಿಯಿಟ್ಟು ಕತ್ತಿ ಬೀಸಿದೆ” ಎಂದರೆ ಸರಿ. ಉತ್ತರಕ್ಕೆ ಎರಡು ದಿನದ ಗಡುವು ಸಾಕು. ಕಾರಣವಿಲ್ಲದೆ ಕಂಡಕಂಡವರನ್ನು ಕೊಲ್ಲುವುದನ್ನು ಜಿಟಿಎ ಸರ್ವರ್‌ಗಳಲ್ಲಿ ಆರ್‌ಡಿಎಂ ಎನ್ನುತ್ತಾರೆ. ಅದಕ್ಕೆ ನಿಷೇಧ ಹೇಳಿ, ಮುಂದಕ್ಕೆ ಹೋಗಿ.

ನೆಟ್ ಕೈಕೊಟ್ಟರೆ? ಹಾರ್ಡ್‌ಕೋರ್ ಸರ್ವರ್‌ಗಳಲ್ಲಿ ಸಂಪರ್ಕ ಕಡಿದು ಸತ್ತರೂ ಪಾತ್ರವನ್ನು ಮರಳಿಸುವುದಿಲ್ಲ ಎಂಬುದು ವಾರ್‌ಕ್ರಾಫ್ಟ್ ನಡೆಸುವ ಬ್ಲಿಝರ್ಡ್ ಕಂಪನಿಯ ಗಟ್ಟಿ ನಿಲುವಾಗಿತ್ತು. 2025ರ ಮಾರ್ಚ್‌ನಲ್ಲಿ ಸರ್ವರ್‌ಗಳ ಮೇಲೆ ಡಿಡಾಸ್ ದಾಳಿ (ನಕಲಿ ಕೋರಿಕೆಗಳ ಮಳೆ ಸುರಿಸಿ ಸರ್ವರ್ ಕುಸಿಯುವಂತೆ ಮಾಡುವುದು) ನಡೆದು, ದೊಡ್ಡ ಗುಂಪೊಂದು ಮುಖ್ಯ ಹೋರಾಟದ ನಡುವೆಯೇ ಸತ್ತಾಗ, ಇಂಥ ದಾಳಿಯಿಂದ ಸತ್ತವರನ್ನು ಎಬ್ಬಿಸುವುದಾಗಿ ಕಂಪನಿ ಹೇಳಬೇಕಾಯಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ, ಮಳೆಗಾಲದಲ್ಲಿ ಕರೆಂಟು ಹೋಗುವ ಮನೆಗಳಿಂದ ಆಡುವ ನಮಗೆ ಈ ನಿಯಮ ಇನ್ನೂ ಅಗತ್ಯ. ಸಿಕೆ ಹೋರಾಟದಲ್ಲಿ ಸಂಪರ್ಕ ಕಡಿದರೆ ದೃಶ್ಯವನ್ನು ಅಲ್ಲಿಗೇ ನಿಲ್ಲಿಸಿ, ಇನ್ನೊಂದು ದಿನ ಅಲ್ಲಿಂದಲೇ ಮುಂದುವರಿಸಿ. ಸೋಲುವಾಗಲೇ ಮತ್ತೆ ಮತ್ತೆ ಸಂಪರ್ಕ ಕಡಿಯುವವರ ವಿಷಯವನ್ನು ಅಡ್ಮಿನ್‌ಗೆ ಬಿಡಿ.

5. ಸತ್ತ ಮೇಲೆ

ಪಾತ್ರಕ್ಕೆ ಕೊನೆಯ ಮಾತಾಡಲು ಅವಕಾಶ ಕೊಡಿ. ಸತ್ತವರ ವಸ್ತುಗಳು ಕೊಂದವನಿಗೋ, ಗೆಳೆಯರಿಗೋ, ಯಾರಿಗೂ ಇಲ್ಲವೋ ಎಂಬುದು ಮೊದಲೇ ಬರೆದಿರಬೇಕು. ಅದೇ ಆಟಗಾರ ತರುವ ಹೊಸ ಪಾತ್ರಕ್ಕೆ ಹಳೆಯ ಕೊಲೆಗಾರ ಯಾರೆಂದು ಗೊತ್ತಿರಬಾರದು. ಸತ್ತವನ ತಮ್ಮನಾಗಿ ಮರುದಿನವೇ ಹುಟ್ಟಿಬಂದು ಸೇಡು ತೀರಿಸಿಕೊಳ್ಳಲು ಬಿಟ್ಟರೆ ಸಿಕೆಗೆ ಅರ್ಥವೇ ಇರುವುದಿಲ್ಲ. ಪಿಕೆ ಆದವನನ್ನು ಅವನು ಎದ್ದ ಜಾಗದಲ್ಲೇ ಕಾದು ಮತ್ತೆ ಕೊಲ್ಲುವುದನ್ನೂ ಕಟ್ಟುನಿಟ್ಟಾಗಿ ತಡೆಯಿರಿ.

ಸಿಕೆ ಆದವರಿಗೆ ಗುಂಪಿನಲ್ಲಿ ಜಾಗ ಉಳಿಯಬೇಕು. ಹಾರ್ಡ್‌ಕೋರ್‌ನಲ್ಲಿ ಸತ್ತ ಪಾತ್ರವನ್ನು ಸಾಮಾನ್ಯ ಕ್ಲಾಸಿಕ್ ಸರ್ವರ್‌ಗೆ ಉಚಿತವಾಗಿ ಸಾಗಿಸಿಕೊಂಡು ಅಲ್ಲಿ ಆಡಬಹುದು. ಸಣ್ಣ ಗುಂಪಿನಲ್ಲಿ ಹೊಸ ಪಾತ್ರಕ್ಕೆ ತುಸು ಮೇಲಿನ ಲೆವೆಲ್‌ನಿಂದ ಆರಂಭ ಕೊಟ್ಟರೂ ಆಟಗಾರ ಉಳಿದುಕೊಳ್ಳುತ್ತಾನೆ.

6. ತಕರಾರು ಬಂದರೆ

ಹೋರಾಟದ ಚಾಟ್ ಲಾಗ್, ಸ್ಕ್ರೀನ್‌ಶಾಟ್ ಅಥವಾ ವಿಡಿಯೊ ಕ್ಲಿಪ್ ಇಲ್ಲದ ದೂರನ್ನು ತೆಗೆದುಕೊಳ್ಳಬೇಡಿ. ದೂರು ಕೊಡಲು ಮೂರು ದಿನ, ತೀರ್ಪು ಕೊಡಲು ಮೂರು ದಿನ ಇಟ್ಟರೆ ಸಾಕು. ಅಲ್ಲಿಯವರೆಗೆ ಸತ್ತ ಪಾತ್ರ ಆಟದ ಹೊರಗಿರಲಿ, ಅದರ ವಸ್ತುಗಳನ್ನು ಯಾರೂ ಮುಟ್ಟದಿರಲಿ. ಹೋರಾಟದಲ್ಲಿದ್ದ ಅಡ್ಮಿನ್, ಅಥವಾ ಅವರ ಬಣದವರು, ಆ ತೀರ್ಪಿನಲ್ಲಿ ಕೂರುವಂತಿಲ್ಲ. ಎಲ್ಲ ಅಡ್ಮಿನ್‌ಗಳೂ ಒಂದೇ ಬಣದಲ್ಲಿರುವ ಗುಂಪಾದರೆ ಆಟ ಶುರುವಾಗುವ ಮೊದಲೇ ಹೊರಗಿನವರೊಬ್ಬರನ್ನು ಒಪ್ಪಿಸಿಟ್ಟುಕೊಳ್ಳಿ.

ಆಡುತ್ತಾ ಆಡುತ್ತಾ ನಿಯಮ ಬದಲಿಸಬೇಕಾಗಿ ಬರುತ್ತದೆ. ಬದಲಾವಣೆಯನ್ನು ದಿನಾಂಕದೊಂದಿಗೆ ಎಲ್ಲರಿಗೂ ಪ್ರಕಟಿಸಿ. ಆ ದಿನಾಂಕಕ್ಕೆ ಮುಂಚೆ ಶುರುವಾದ ಹೋರಾಟಗಳು ಹಳೆಯ ನಿಯಮದಂತೆಯೇ ಮುಗಿಯಬೇಕು.